ಟಿಎಸ್‌ಬಿ ಇದ್ದರೂ ಡೀಲರ್ ಕೈ ಹಾಕುತ್ತಿಲ್ಲವೇ? ಪಿಕಪ್ ಮಾಲೀಕರು ಪದೇ ಪದೇ ಕೇಳುವ ಪ್ರಶ್ನೆಗಳು

ಗಾಡಿ ನಡುಗುತ್ತಿದೆ. ಅದಕ್ಕೆ ಕಂಪನಿಯೇ ಬುಲೆಟಿನ್ ಹೊರಡಿಸಿದೆ. ಆದರೂ ಡೀಲರ್ ಹತ್ತಿರ ಹೋದರೆ 'ಎಲ್ಲ ಸರಿಯಿದೆ' ಎಂದು ಕೀ ವಾಪಸ್ ಕೊಟ್ಟು ಕಳಿಸುತ್ತಾರೆ. ಅಮೆರಿಕದಲ್ಲಿ ಪಿಕಪ್ ಇಟ್ಟುಕೊಂಡ ಬಹಳ ಜನ ಈ ಅನುಭವ ಹೇಳಿಕೊಳ್ಳುತ್ತಾರೆ. ಅವರಿಗಾಗಿಯೇ ಈ ಪುಟ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಬುಲೆಟಿನ್ ಹಿಡಿದು ಕೌಂಟರಿನಲ್ಲಿ ವಾದ ಮಾಡಿದರೆ ಕೆಲಸ ಆಗುವುದು ಕಡಿಮೆ. ತೊಂದರೆಯನ್ನು ಅವರ ಕಣ್ಣೆದುರೇ ತೋರಿಸಬೇಕು, ಅದನ್ನು ಕಾಗದದ ಮೇಲೆ ಬರೆಸಬೇಕು. ಆಗ ಕೆಲಸ ಆಗುವ ಸಾಧ್ಯತೆ ತುಂಬಾ ಜಾಸ್ತಿ.

ಟಿಎಸ್‌ಬಿ ಅಂದರೆ ಏನು?

ಟೆಕ್ನಿಕಲ್ ಸರ್ವಿಸ್ ಬುಲೆಟಿನ್. ಗಾಡಿ ತಯಾರಿಸಿದ ಕಂಪನಿ ತನ್ನ ಡೀಲರ್‌ಗಳ ವರ್ಕ್‌ಶಾಪ್‌ಗೆ ಬರೆಯುವ ಸೂಚನೆ ಇದು. ಈ ಮಾಡೆಲ್‌ನಲ್ಲಿ ಇಂಥ ತೊಂದರೆ ಕಾಣುತ್ತಿದೆ, ಕಾರಣ ಇದು, ಹೀಗೆ ಪರೀಕ್ಷೆ ಮಾಡಿ, ಈ ಪಾರ್ಟ್ ಹಾಕಿ ಅಥವಾ ಈ ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿ ಎಂದು ಅದರಲ್ಲಿ ಇರುತ್ತದೆ. ಪಾರ್ಟ್ ನಂಬರ್, ಕೆಲಸಕ್ಕೆ ಕೊಡುವ ಸಮಯ, ವಾರಂಟಿ ಕ್ಲೇಮಿಗೆ ಬೇಕಾದ ಲೇಬರ್ ಕೋಡ್ ಕೂಡ ಇರುತ್ತವೆ. ಅದನ್ನು ಬರೆದಿರುವುದು ಮೆಕ್ಯಾನಿಕ್‌ಗಾಗಿ, ಗಾಡಿ ಮಾಲೀಕರಿಗಾಗಿ ಅಲ್ಲ. ಹಾಗಾಗಿಯೇ ನಿಮ್ಮ ಮನೆಗೆ ಅಂಚೆಯಲ್ಲಿ ಬರುವುದಿಲ್ಲ.

ರೀಕಾಲ್ ಕೂಡ ಇದೇ ಅಲ್ವಾ?

ಅಲ್ಲ. ರೀಕಾಲ್ ಬರುವುದು ಸುರಕ್ಷತೆಗೆ ಧಕ್ಕೆ ತರುವ ದೋಷ ಇದ್ದಾಗ, ಅಥವಾ ಗಾಡಿ ಸರ್ಕಾರದ ಸುರಕ್ಷತಾ ನಿಯಮಕ್ಕೆ ತಕ್ಕಂತೆ ಇಲ್ಲದಿದ್ದಾಗ. ಅದಕ್ಕೆ 1966ರ ಕಾನೂನಿನ ಬಲ ಇದೆ. ಕಂಪನಿ ಮಾಲೀಕರಿಗೆ ಪತ್ರ ಬರೆಯಲೇಬೇಕು, ಪರಿಹಾರ ಉಚಿತವಾಗಿ ಕೊಡಲೇಬೇಕು. 2015ರ ಕಾನೂನು ಬದಲಾವಣೆಯಾದ ಮೇಲೆ ಈ ಉಚಿತ ಪರಿಹಾರದ ಅವಧಿ 10 ವರ್ಷದಿಂದ 15 ವರ್ಷಕ್ಕೆ ಏರಿತು.

ಟಿಎಸ್‌ಬಿಗೆ ಆ ಬಲ ಇಲ್ಲ. ಎರಡು ಶರತ್ತು ಕೂಡಿಬಂದರೆ ಮಾತ್ರ ಅದು ನಿಮಗೆ ಪುಕ್ಕಟೆ: ನಿಮ್ಮ ಗಾಡಿಯಲ್ಲಿ ಆ ತೊಂದರೆ ನಿಜವಾಗಿ ಇರಬೇಕು, ಆ ಭಾಗದ ವಾರಂಟಿ ಇನ್ನೂ ನಡೆಯುತ್ತಿರಬೇಕು. 'ಬುಲೆಟಿನ್ ಇದೆ, ಮಾಡಿಕೊಡಿ' ಎಂದು ಸುಮ್ನೆ ಕೇಳಿದರೆ ಡೀಲರ್ ಆಗಲ್ಲ ಎನ್ನುವುದು ಇದಕ್ಕೇ.

ಇವೆರಡರ ನಡುವೆ ಇನ್ನೊಂದು ಇದೆ. ಫೋರ್ಡ್ ಅದನ್ನು ಕಸ್ಟಮರ್ ಸ್ಯಾಟಿಸ್ಫ್ಯಾಕ್ಷನ್ ಪ್ರೋಗ್ರಾಂ ಎನ್ನುತ್ತದೆ, ಟೊಯೋಟಾ ಕಸ್ಟಮರ್ ಸಪೋರ್ಟ್ ಪ್ರೋಗ್ರಾಂ ಎನ್ನುತ್ತದೆ, ಜಿಎಂ (ಜನರಲ್ ಮೋಟರ್ಸ್) ಸ್ಪೆಷಲ್ ಕವರೇಜ್ ಎನ್ನುತ್ತದೆ. ಒಂದು ನಿರ್ದಿಷ್ಟ ತೊಂದರೆಗೆ ಮಾತ್ರ ವಾರಂಟಿಯನ್ನು ಉದ್ದ ಮಾಡುವ ಯೋಜನೆ ಅದು. ನಿಮ್ಮ ತೊಂದರೆಗೆ ಅಂಥದ್ದು ಇದೆಯೇ ಎಂದು ಮೊದಲು ನೋಡಿ. ಇದ್ದರೆ ಟಿಎಸ್‌ಬಿ ಹಿಂದೆ ಬೀಳುವ ಅಗತ್ಯವೇ ಇರುವುದಿಲ್ಲ.

ನನ್ನ ಪಿಕಪ್‌ಗೆ ಯಾವ ಬುಲೆಟಿನ್ ಇದೆ ಎಂದು ಎಲ್ಲಿ ನೋಡಲಿ?

ಎನ್‌ಎಚ್‌ಟಿಎಸ್‌ಎ ಎಂಬ ಫೆಡರಲ್ ಸುರಕ್ಷತಾ ಸಂಸ್ಥೆಯ ಜಾಲತಾಣದಲ್ಲಿ. ಕಂಪನಿಗಳು ಡೀಲರ್‌ಗಳಿಗೆ ಕಳಿಸುವ ಬುಲೆಟಿನ್‌ಗಳ ಪ್ರತಿಯನ್ನು ಈ ಸಂಸ್ಥೆಗೂ ಕೊಡಬೇಕು. ಅವುಗಳನ್ನು ಸಾರ್ವಜನಿಕರಿಗೆ ಕಾಣುವಂತೆ ಇಡಬೇಕು ಎಂದು 2012ರ ಕಾನೂನು ಹೇಳುತ್ತದೆ. ವರ್ಷ, ಕಂಪನಿ, ಮಾಡೆಲ್ ಕೊಟ್ಟು ಹುಡುಕಿ. ರೀಕಾಲ್, ತನಿಖೆ, ದೂರುಗಳ ಜೊತೆ 'ಮ್ಯಾನುಫ್ಯಾಕ್ಚರರ್ ಕಮ್ಯುನಿಕೇಷನ್ಸ್' ಎಂಬ ವಿಭಾಗ ಕಾಣುತ್ತದೆ. ಬುಲೆಟಿನ್‌ಗಳು ಇರುವುದು ಅಲ್ಲಿ. ಪಟ್ಟಿ ಉದ್ದ ಇರುತ್ತದೆ, ತಾಳ್ಮೆಯಿಂದ ನೋಡಿ. ಯಾವ ವಿನ್ ನಂಬರಿಗೆ (ಪ್ರತಿ ಗಾಡಿಗೂ ಇರುವ ಗುರುತಿನ ಸಂಖ್ಯೆ) ರೀಕಾಲ್ ಬಾಕಿ ಇದೆ ಎನ್ನುವುದನ್ನೂ ಅಲ್ಲೇ ನೋಡಬಹುದು.

ಕಂಪನಿಗಳ ಸರ್ವಿಸ್ ಮಾಹಿತಿ ತಾಣಗಳೂ ಇವೆ. ಫೋರ್ಡ್‌ಗೆ ಮೋಟರ್‌ಕ್ರಾಫ್ಟ್ ಸರ್ವಿಸ್, ಜಿಎಂಗೆ ಎಸಿಡೆಲ್ಕೋ, ಟೊಯೋಟಾಗೆ ಟೆಕ್‌ಇನ್ಫೋ, ರಾಮ್‌ಗೆ ಟೆಕ್ ಅಥಾರಿಟಿ. ಇಲ್ಲಿ ದುಡ್ಡು ಕಟ್ಟಿ ಸ್ವಲ್ಪ ಕಾಲದ ಚಂದಾ ತೆಗೆದುಕೊಳ್ಳಬಹುದು. ವಿನ್ ಪ್ರಕಾರ ಹುಡುಕುವುದಕ್ಕೆ ಇವು ಒಳ್ಳೆಯವು.

ಬುಲೆಟಿನ್ ಸಿಕ್ಕಿತು. ಅದರಲ್ಲಿ ಏನು ಓದಬೇಕು?

ಮೊದಲು ಅದು ನಿಮ್ಮ ಗಾಡಿಗೆ ಸೇರಿದ್ದೇ ಎಂದು ನೋಡಿ. ವರ್ಷ, ಎಂಜಿನ್, ಗಿಯರ್‌ಬಾಕ್ಸ್, ಕೆಲವೊಮ್ಮೆ ಯಾವ ತಾರೀಕಿನ ಮೊದಲು ತಯಾರಾದ ಗಾಡಿ ಎನ್ನುವುದು ಕೂಡ ಬರೆದಿರುತ್ತದೆ. ತಯಾರಾದ ತಿಂಗಳು ಚಾಲಕನ ಬಾಗಿಲಿನ ಚೌಕಟ್ಟಿನ ಸ್ಟಿಕ್ಕರ್‌ನಲ್ಲಿದೆ.

ಆಮೇಲೆ ತೊಂದರೆಯ ವಿವರಣೆ ಓದಿ. ಇದು ಮುಖ್ಯ. ಯಾವ ಸ್ಥಿತಿಯಲ್ಲಿ ತೊಂದರೆ ಬರುತ್ತದೆ ಎಂದು ಅಲ್ಲಿ ಖಚಿತವಾಗಿ ಹೇಳಿರುತ್ತಾರೆ. ನಿಮ್ಮ ಗಾಡಿಯೂ ಅದೇ ಸ್ಥಿತಿಯಲ್ಲಿ ಹಾಗೇ ಮಾಡುತ್ತದೆಯೇ? ಪ್ರಾಮಾಣಿಕವಾಗಿ ಹೊಂದಿಸಿ ನೋಡಿ. ಹೊಂದದಿದ್ದರೆ ಆ ಬುಲೆಟಿನ್ ಬಿಟ್ಟುಬಿಡಿ. ತಪ್ಪು ಬುಲೆಟಿನ್ ಹಿಡಿದು ಹಟ ಮಾಡಿದರೆ ನಿಜವಾದ ತೊಂದರೆ ಹಾಗೇ ಉಳಿಯುತ್ತದೆ.

ಕೊನೆಯದಾಗಿ, ಅದಕ್ಕಿಂತ ಹೊಸದು ಬಂದಿದೆಯೇ ನೋಡಿ. ಬುಲೆಟಿನ್‌ಗಳನ್ನು ಕಂಪನಿಗಳು ಆಗಾಗ ತಿದ್ದುತ್ತವೆ. ಹಳೆಯದರ ಜಾಗಕ್ಕೆ ಹೊಸ ನಂಬರ್ ಬರುತ್ತದೆ.

ಕಂಪನಿಯೇ ಒಪ್ಪಿಕೊಂಡ ತೊಂದರೆ. ಡೀಲರ್ ಯಾಕೆ ಹಿಂದೇಟು ಹಾಕುತ್ತಾರೆ?

ಇದನ್ನು ಅರ್ಥ ಮಾಡಿಕೊಂಡರೆ ಅರ್ಧ ಕೆಲಸ ಆದಂತೆ.

ಡೀಲರ್‌ಶಿಪ್ ಕಂಪನಿಯದ್ದಲ್ಲ. ಅದು ಬೇರೆಯೇ ಮಾಲೀಕರ ಸ್ವಂತ ವ್ಯಾಪಾರ. ವಾರಂಟಿ ಕೆಲಸ ಮಾಡಿದರೆ ಅವರಿಗೆ ದುಡ್ಡು ಕೊಡುವುದು ನೀವಲ್ಲ, ಕಂಪನಿ. ಕಂಪನಿ ಇಷ್ಟು ಕೆಲಸಕ್ಕೆ ಇಷ್ಟೇ ಸಮಯ ಎಂದು ಮೊದಲೇ ನಿಗದಿ ಮಾಡಿರುತ್ತದೆ. ವಾರಂಟಿಗೆ ಕೊಡುವ ಸಮಯ ಗ್ರಾಹಕರಿಂದ ದುಡ್ಡು ಪಡೆದು ಮಾಡುವ ಕೆಲಸದ ಸಮಯಕ್ಕಿಂತ ಕಡಿಮೆ ಇರುವುದು ಸಾಮಾನ್ಯ. ಬಹಳಷ್ಟು ಮೆಕ್ಯಾನಿಕ್‌ಗಳಿಗೆ ಸಂಬಳ ಬರುವುದೂ ಇದೇ ಲೆಕ್ಕದಲ್ಲಿ. ಪುಸ್ತಕದಲ್ಲಿ ಒಂದು ಗಂಟೆ ಎಂದಿದ್ದರೆ, ಅವರು ಮೂರು ಗಂಟೆ ಒದ್ದಾಡಿದರೂ ಒಂದು ಗಂಟೆಯ ದುಡ್ಡು. ಬಂದು ಹೋಗುವ ಶಬ್ದವನ್ನು ಹುಡುಕುತ್ತಾ ಗಾಡಿ ಓಡಿಸಿದ ಸಮಯಕ್ಕೆ ಎಷ್ಟೋ ಸಲ ಏನೂ ಸಿಗುವುದಿಲ್ಲ.

ಇನ್ನೊಂದು ಭಯ ಆಡಿಟ್. ಕಂಪನಿ ವಾರಂಟಿ ಕ್ಲೇಮುಗಳನ್ನು ಆಮೇಲೆ ತೆಗೆದು ನೋಡುತ್ತದೆ. 'ತೊಂದರೆ ಇದ್ದದ್ದಕ್ಕೆ ದಾಖಲೆ ಎಲ್ಲಿ?' ಎಂದು ಕೇಳುತ್ತದೆ. ಇಲ್ಲದಿದ್ದರೆ ಕೊಟ್ಟ ದುಡ್ಡು ವಾಪಸ್ ಕಿತ್ತುಕೊಳ್ಳುತ್ತದೆ. ಹೀಗಾಗಿ ಮೆಕ್ಯಾನಿಕ್ ತಾನೇ ಕಾಣದ, ಕೇಳದ ತೊಂದರೆಗೆ ಪಾರ್ಟ್ ಹಾಕಲು ಡೀಲರ್ ಒಪ್ಪುವುದಿಲ್ಲ.

ಕೆಲವು ಡೀಲರ್‌ಗಳು ನಿಜವಾಗಿಯೂ ಸೋಮಾರಿಗಳು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಹೆಚ್ಚಿನ ಸಲ ತಡೆ ಇರುವುದು ಈ ವ್ಯವಸ್ಥೆಯಲ್ಲೇ. ಅವರು ಧೈರ್ಯವಾಗಿ ಕ್ಲೇಮ್ ಬರೆಯಲು ಬೇಕಾದ ಸಾಕ್ಷಿ ನಿಮ್ಮ ಕೈಯಲ್ಲಿದ್ದರೆ ಮಾತು ಬೇರೆ ದಾರಿ ಹಿಡಿಯುತ್ತದೆ.

ಹಾಗಾದರೆ ಕೌಂಟರಿನಲ್ಲಿ ದೂರು ಬರೆದುಕೊಳ್ಳುವ ಸರ್ವಿಸ್ ಅಡ್ವೈಸರ್ ಹತ್ತಿರ ಹೇಗೆ ಮಾತಾಡಲಿ?

ತೊಂದರೆ ಮೊದಲು, ಬುಲೆಟಿನ್ ಆಮೇಲೆ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಜಿಎಂನ 8 ಸ್ಪೀಡ್ ಆಟೊಮ್ಯಾಟಿಕ್ ಗಿಯರ್‌ಬಾಕ್ಸ್ ಇರುವ ಸಿಲ್ವರಾಡೊ, ಸಿಯೆರಾ, ಕೊಲೊರಾಡೊ ಪಿಕಪ್‌ಗಳಲ್ಲಿ ನಡುಕದ ದೂರು ಬಹಳ ಬಂತು. ಹಗುರವಾಗಿ ಆಕ್ಸಿಲರೇಟರ್ ಒತ್ತಿ ಒಂದೇ ವೇಗದಲ್ಲಿ ಹೋಗುವಾಗ, ರಸ್ತೆ ಅಂಚಿನ ರಂಬಲ್ ಸ್ಟ್ರಿಪ್ ಮೇಲೆ ಹೋದ ಹಾಗೆ ಗಾಡಿ ಗಡಗಡ ಎನ್ನುತ್ತದೆ. ಗಿಯರ್‌ಬಾಕ್ಸ್ ಆಯಿಲ್ ಗಾಳಿಯ ತೇವ ಹೀರಿಕೊಂಡು, ಎಂಜಿನ್ ಶಕ್ತಿಯನ್ನು ಗಿಯರ್‌ಬಾಕ್ಸಿಗೆ ದಾಟಿಸುವ ಟಾರ್ಕ್ ಕನ್ವರ್ಟರ್ ಒಳಗಿನ ಕ್ಲಚ್ ಸರಿಯಾಗಿ ಹಿಡಿಯದೆ ಜಾರುತ್ತಾ ಹಿಡಿಯುತ್ತಾ ಇರುವುದು ಕಾರಣ. 18-ಎನ್‌ಎ-355 ಎಂಬ ಬುಲೆಟಿನ್ ಹಳೆಯ ಆಯಿಲ್ ಪೂರ್ತಿ ತೊಳೆದು ಬೇರೆ ಬಗೆಯ ಆಯಿಲ್ ಹಾಕಲು ಹೇಳಿತು.

ಈಗ ಎರಡು ರೀತಿ ಹೇಳಬಹುದು. 'ನನ್ನ ಗಾಡಿಗೆ 18-ಎನ್‌ಎ-355 ಮಾಡಿ' ಎನ್ನುವುದು ಒಂದು. ಅಡ್ವೈಸರ್‌ಗೆ ಇದು ಆರ್ಡರ್ ಕೊಟ್ಟ ಹಾಗೆ ಕೇಳಿಸುತ್ತದೆ. ಕ್ಲೇಮಿಗೆ ಬೇಕಾದ್ದು ಇದರಲ್ಲಿ ಏನೂ ಇಲ್ಲ. ಇನ್ನೊಂದು ಹೀಗೆ: 'ಎಂಜಿನ್ ಬಿಸಿಯಾದ ಮೇಲೆ, ಸಮತಟ್ಟು ರಸ್ತೆಯಲ್ಲಿ ಗಂಟೆಗೆ 45 ಮೈಲಿಯಲ್ಲಿ ಹಗುರವಾಗಿ ಆಕ್ಸಿಲರೇಟರ್ ಒತ್ತಿ ಹೋಗುವಾಗ ನಡುಕ ಬರುತ್ತದೆ. ಕಾಲು ತೆಗೆದರೆ ನಿಲ್ಲುತ್ತದೆ. ಗಿಯರ್ ಬದಲಾಗುವಾಗ ಅಲ್ಲ. ನಿಮ್ಮ ಟೆಕ್ನಿಷಿಯನ್ ಜೊತೆ ನಾನೇ ಬಂದು ತೋರಿಸುತ್ತೇನೆ.' ಅವರು ಇದನ್ನು ಬರೆದುಕೊಂಡ ಮೇಲೆ, 'ಇದಕ್ಕೆ ಬುಲೆಟಿನ್ ಇರುವಂತಿದೆ, ಪ್ರಿಂಟ್ ತಂದಿದ್ದೇನೆ, ಟೆಕ್ನಿಷಿಯನ್‌ಗೆ ಕೊಡುತ್ತೀರಾ?' ಎಂದು ಕೇಳಿ. ಅದು ಸಹಾಯದಂತೆ ಕಾಣುತ್ತದೆ, ಸವಾಲಿನಂತೆ ಅಲ್ಲ.

ಜೊತೆಯಲ್ಲಿ ಕೂತು ಓಡಿಸುವ ಈ ಟೆಸ್ಟ್ ಡ್ರೈವ್ ಕೇಳಲು ಸಂಕೋಚ ಬೇಡ. ಶಾಪ್ ಫೋರ್‌ಮನ್ ಬಂದರೆ ಇನ್ನೂ ಒಳ್ಳೆಯದು. ನನ್ನ ಮಟ್ಟಿಗೆ ಇದಕ್ಕಿಂತ ಉಪಯೋಗದ ಹೆಜ್ಜೆ ಇನ್ನೊಂದಿಲ್ಲ.

ತೊಂದರೆ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಮಾತ್ರ ಬರುತ್ತದೆ. ಡೀಲರ್ ಹತ್ತಿರ ಹೋಗುವಷ್ಟರಲ್ಲಿ ಮಾಯ!

ಹಾಗಿದ್ದರೆ ಗಾಡಿಯನ್ನು ಹಿಂದಿನ ಸಂಜೆಯೇ ಅಲ್ಲಿ ಬಿಟ್ಟು ಬನ್ನಿ. ಬೆಳಿಗ್ಗೆ ಟೆಕ್ನಿಷಿಯನ್ ತಾನೇ ಮೊದಲ ಸಲ ಸ್ಟಾರ್ಟ್ ಮಾಡಬೇಕು ಎಂದು ರಿಪೇರಿ ಆರ್ಡರಿನಲ್ಲಿ (ನಿಮ್ಮ ದೂರು, ಮಾಡಿದ ಕೆಲಸ ಬರೆಯುವ ವರ್ಕ್‌ಶಾಪ್ ಕಾಗದ) ಬರೆಸಿ. ಯಾರೋ ಒಬ್ಬರು ಗಾಡಿಯನ್ನು ಆಚೆ ಈಚೆ ಸರಿಸಿದರೂ ಪರೀಕ್ಷೆ ಕೆಟ್ಟಿತು.

2017ರಿಂದ 2020ರವರೆಗಿನ ಫೋರ್ಡ್ ಎಫ್-150, 3.5 ಲೀಟರ್ ಇಕೋಬೂಸ್ಟ್ ಎಂಜಿನ್‌ನಲ್ಲಿ ಕ್ಯಾಮ್ ಫೇಸರ್ (ವಾಲ್ವ್ ತೆರೆಯುವ ಸಮಯ ಹೊಂದಿಸುವ ಭಾಗ) ಶಬ್ದ ಹೀಗೇ ಇತ್ತು. ಗಂಟೆಗಟ್ಟಲೆ ನಿಂತ ಗಾಡಿ ಸ್ಟಾರ್ಟ್ ಆದ ಕೂಡಲೇ ಕೆಲವೇ ಸೆಕೆಂಡ್ ಕಟಕಟ ಎನ್ನುತ್ತಿತ್ತು, ಆಮೇಲೆ ಸುಮ್ಮನಾಗುತ್ತಿತ್ತು. ಇಂಥದ್ದಕ್ಕೆ ಫೋನಿನಲ್ಲಿ ವಿಡಿಯೋ ಮಾಡಿಕೊಳ್ಳಿ. ಬಾನೆಟ್ ತೆರೆದಿರಲಿ, ಇನ್ನೊಬ್ಬರು ಸ್ಟಾರ್ಟ್ ಮಾಡಲಿ. ಓಡೋಮೀಟರ್ ಕೂಡ ಅದೇ ವಿಡಿಯೋದಲ್ಲಿ ಕಾಣಲಿ. ವಿಡಿಯೋ ಒಂದರಿಂದಲೇ ಕ್ಲೇಮ್ ಪಾಸಾಗುವುದಿಲ್ಲ, ಆದರೆ ಟೆಕ್ನಿಷಿಯನ್‌ಗೆ ಏನು ಕೇಳಬೇಕು ಎಂದು ಗೊತ್ತಾಗುತ್ತದೆ.

'ತೊಂದರೆ ಕಾಣಲಿಲ್ಲ' ಎಂದು ಬರೆದು ಕಳಿಸಿದರು. ಮುಂದೇನು?

ಆ ಕಾಗದ ಜೋಪಾನವಾಗಿ ಇಟ್ಟುಕೊಳ್ಳಿ. ಅದು ಸೋಲಲ್ಲ, ನಿಮ್ಮ ಮೊದಲ ದಾಖಲೆ.

ಹೇಗೆ ಪರೀಕ್ಷೆ ಮಾಡಿದರು ಎಂದು ನಯವಾಗಿ ಕೇಳಿ. ಎಷ್ಟು ಮೈಲಿ ಓಡಿಸಿದರು? ರಿಪೇರಿ ಆರ್ಡರಿನಲ್ಲಿ ಗಾಡಿ ಒಳಗೆ ಬಂದಾಗಿನ ಮೈಲೇಜ್ ಮತ್ತು ಹೊರಟಾಗಿನ ಮೈಲೇಜ್ ಎರಡೂ ಇರುತ್ತವೆ. ವ್ಯತ್ಯಾಸ 1 ಮೈಲಿ ಇದ್ದರೆ, ಹೆದ್ದಾರಿಯಲ್ಲಿ ಬರುವ ನಡುಕವನ್ನು ಅವರು ಹುಡುಕಿಯೇ ಇಲ್ಲ. ಇದನ್ನು ಸರ್ವಿಸ್ ಮ್ಯಾನೇಜರ್‌ಗೆ ತೋರಿಸಿದರೆ ಅವರ ಹತ್ತಿರ ಉತ್ತರ ಇರುವುದಿಲ್ಲ.

'ಇದು ಈ ಗಾಡಿಗೆ ನಾರ್ಮಲ್' ಎಂದರೆ ಅದೇ ವರ್ಷದ, ಅದೇ ಎಂಜಿನ್‌ನ ಇನ್ನೊಂದು ಗಾಡಿಯನ್ನು ಓಡಿಸಿ ನೋಡೋಣ ಎಂದು ಕೇಳಿ. ಡೀಲರ್ ಅಂಗಳದಲ್ಲಿ ಅಂಥ ಗಾಡಿ ಇರುವ ಸಾಧ್ಯತೆ ಇದೆ. ಅದು ನಡುಗದಿದ್ದರೆ ನಿಮ್ಮದು ನಾರ್ಮಲ್ ಅಲ್ಲ. 'ಸಾಫ್ಟ್‌ವೇರ್ ಅಪ್‌ಡೇಟ್ ಆಗಿದೆ' ಎಂದರೆ ಈಗ ಇರುವ ಕ್ಯಾಲಿಬ್ರೇಶನ್ ನಂಬರ್ (ಸಾಫ್ಟ್‌ವೇರ್‌ನ ಆವೃತ್ತಿ ಸಂಖ್ಯೆ) ಬರೆದುಕೊಡಿ ಎನ್ನಿ.

ರಿಪೇರಿ ಆರ್ಡರಿನಲ್ಲಿ ಏನೇನು ಇರಬೇಕು?

ನೀವು ಹೇಳಿದ ದೂರು, ಅವರು ಕಂಡುಕೊಂಡ ಕಾರಣ, ಮಾಡಿದ ಕೆಲಸ. ತಾರೀಕು, ಮೈಲೇಜ್. ಸಹಿ ಹಾಕುವ ಮುಂಚೆ ಓದಿ. ನೀವು ಹೇಳಿದ್ದು ಒಂದು ಸಾಲು ಉದ್ದ ಇದ್ದು, ಅಲ್ಲಿ 'ಶಬ್ದ ಪರೀಕ್ಷಿಸಿ' ಎಂದಷ್ಟೇ ಇದ್ದರೆ ತಿದ್ದಿಸಿ. ಏನೂ ಮಾಡದೆ ಕಳಿಸಿದರೂ ಪ್ರತಿ ಕೇಳಿ ಪಡೆಯಿರಿ. 'ಸುಮ್ನೆ ನೋಡಿದೆವು, ಆರ್ಡರ್ ಬೇಡ ಬಿಡಿ' ಎಂದರೆ ಒಪ್ಪಬೇಡಿ. ದಾಖಲೆ ಇಲ್ಲದ ಭೇಟಿಯನ್ನು ಮುಂದೆ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಹೆಚ್ಚಿನ ಕಂಪನಿಗಳ ಸಾಮಾನ್ಯ ವಾರಂಟಿ 3 ವರ್ಷ ಅಥವಾ 36,000 ಮೈಲಿ, ಎಂಜಿನ್ ಮತ್ತು ಗಿಯರ್‌ಬಾಕ್ಸಿಗೆ 5 ವರ್ಷ ಅಥವಾ 60,000 ಮೈಲಿ. ಯಾವುದು ಮೊದಲು ಬಂದರೆ ಅದು. ನಿಮ್ಮ ಗಾಡಿಯದನ್ನು ವಾರಂಟಿ ಪುಸ್ತಕದಲ್ಲೇ ನೋಡಿಕೊಳ್ಳಿ. ಅವಧಿ ಮುಗಿಯುವ ಮುಂಚೆ ದೂರು ಕಾಗದದ ಮೇಲೆ ಬಂದಿದ್ದರೆ, ಮುಗಿದ ಮೇಲೂ 'ಇದು ಹಳೆಯ ತೊಂದರೆ' ಎಂದು ಕೇಳಲು ನಿಮಗೆ ನೆಲೆ ಇರುತ್ತದೆ.

ಗಾಡಿ ಎತ್ತರಿಸುವ ಲಿಫ್ಟ್ ಕಿಟ್, ದೊಡ್ಡ ಟೈರ್ ಹಾಕಿದ್ದೇನೆ. ವಾರಂಟಿ ಹೋಯಿತೇ?

ಹಾಗೇನೂ ಇಲ್ಲ. ಬೇರೆ ಕಂಪನಿಯ ಪಾರ್ಟ್ ಹಾಕಿದ ಮಾತ್ರಕ್ಕೆ ಇಡೀ ವಾರಂಟಿ ರದ್ದು ಮಾಡುವಂತಿಲ್ಲ. 1975ರ ಮ್ಯಾಗ್ನುಸನ್-ಮಾಸ್ ಕಾಯ್ದೆ ನಿಮ್ಮ ಕಡೆ ಇದೆ. ಆ ಪಾರ್ಟಿನಿಂದಲೇ ಈ ತೊಂದರೆ ಆಯಿತು ಎಂದು ಕಂಪನಿ ತೋರಿಸಬೇಕು.

ಆದರೆ ನಡುಕದ ದೂರು ತಂದು ಟೈರ್ ಮಾತ್ರ 35 ಇಂಚಿನದ್ದು ಹಾಕಿದ್ದರೆ, ಟೆಕ್ನಿಷಿಯನ್ ಮೊದಲು ಟೈರನ್ನೇ ನೋಡುತ್ತಾರೆ. ಅದು ನ್ಯಾಯವೂ ಹೌದು. ಸಾಧ್ಯವಾದರೆ ಮೂಲ ಚಕ್ರ ಹಾಕಿಕೊಂಡು ಹೋಗಿ. ಎಂಜಿನ್ ಟ್ಯೂನ್ ಮಾಡಿಸಿದ್ದರೆ (ಹೆಚ್ಚು ಶಕ್ತಿಗಾಗಿ ಎಂಜಿನ್ ಸಾಫ್ಟ್‌ವೇರ್ ಬದಲಿಸಿದ್ದರೆ) ವಿಷಯ ಗಂಭೀರ. ಟ್ಯೂನ್ ತೆಗೆದರೂ ಕಂಪ್ಯೂಟರಿನಲ್ಲಿ ಅದರ ಗುರುತು ಸಿಗಬಹುದು. ಎಂಜಿನ್, ಗಿಯರ್‌ಬಾಕ್ಸ್ ಕ್ಲೇಮ್ ಆಗ ಕಷ್ಟ.

ಬೇರೆ ಡೀಲರ್ ಹತ್ತಿರ ಹೋಗಬಹುದೇ?

ಖಂಡಿತ. ಗಾಡಿ ಎಲ್ಲಿ ಕೊಂಡರೂ, ಅದೇ ಬ್ರಾಂಡಿನ ಯಾವ ಡೀಲರ್ ಬೇಕಾದರೂ ವಾರಂಟಿ ಕೆಲಸ ಮಾಡಬಹುದು. ಡೀಸೆಲ್ ಪಿಕಪ್ ಆಗಿದ್ದರೆ ಡೀಸೆಲ್ ಟೆಕ್ನಿಷಿಯನ್ ಇರುವ, ಕಮರ್ಷಿಯಲ್ ಗಾಡಿಗಳನ್ನು ನೋಡುವ ಡೀಲರ್ ಹುಡುಕಿ. ಸ್ವಲ್ಪ ದೂರ ಆದರೂ ಪರವಾಗಿಲ್ಲ. ಒಂದೇ ಬಗೆಯ ಕೆಲಸ ದಿನವೂ ಮಾಡುವವರಿಗೆ ಆ ಬುಲೆಟಿನ್ ಬಾಯಿಪಾಠ ಆಗಿರುತ್ತದೆ.

ಕಂಪನಿಗೇ ಫೋನ್ ಮಾಡಿದರೆ?

ಮಾಡಿ, ಆದರೆ ಎರಡಾದರೂ ರಿಪೇರಿ ಆರ್ಡರ್ ಕೈಯಲ್ಲಿ ಇಟ್ಟುಕೊಂಡು. ಕಸ್ಟಮರ್ ಕೇರ್ ನಂಬರ್ ಮಾಲೀಕರ ಪುಸ್ತಕದಲ್ಲಿದೆ. ಕೇಸ್ ನಂಬರ್ ಪಡೆದು, ಮುಂದಿನ ಭೇಟಿಯಲ್ಲಿ ಅಡ್ವೈಸರ್‌ಗೆ ಕೊಡಿ. ಡೀಲರ್ ಕೂಡ ಕಂಪನಿಯ ಟೆಕ್ನಿಕಲ್ ಸಹಾಯವಾಣಿಯಲ್ಲಿ ಕೇಸ್ ತೆರೆಯಬಹುದು. 'ದಯವಿಟ್ಟು ಅದನ್ನು ತೆರೆಯಿರಿ' ಎಂದು ನೀವೇ ಕೇಳಬೇಕು. ತಾವಾಗಿಯೇ ಮಾಡುವವರು ಕಡಿಮೆ.

ವಾರಂಟಿ ಮುಗಿದಿದೆ. ಆದರೂ ಏನಾದರೂ ಸಿಗುತ್ತದೆಯೇ?

ಸಿಗಬಹುದು. ಇದಕ್ಕೆ ಗುಡ್‌ವಿಲ್ ಎನ್ನುತ್ತಾರೆ. ಕಂಪನಿ ಪೂರ್ತಿ ಅಥವಾ ಒಂದಿಷ್ಟು ಖರ್ಚು ತಾನೇ ಹಾಕಿಕೊಳ್ಳುತ್ತದೆ. ಅದು ಹಕ್ಕಲ್ಲ. ಆದರೆ ವಾರಂಟಿ ಈಗಷ್ಟೇ ಮುಗಿದಿದ್ದರೆ, ಸರ್ವಿಸ್ ದಾಖಲೆ ಸರಿಯಾಗಿದ್ದರೆ, ಅದೇ ಡೀಲರ್ ಹತ್ತಿರ ಸರ್ವಿಸ್ ಮಾಡಿಸುತ್ತಾ ಬಂದಿದ್ದರೆ ಕೇಳಲು ಒಳ್ಳೆಯ ಅವಕಾಶ. ಈ ತೊಂದರೆ ಕಂಪನಿಗೆ ಮೊದಲೇ ಗೊತ್ತಿತ್ತು ಎನ್ನುವುದಕ್ಕೆ ಆಗ ಬುಲೆಟಿನ್ ಸಾಕ್ಷಿಯಾಗುತ್ತದೆ. ರಿಪೇರಿ ಆಗುವ ಮುಂಚೆಯೇ ಕೇಳಬೇಕು. ದುಡ್ಡು ಕಟ್ಟಿದ ಮೇಲೆ ವಾಪಸ್ ಪಡೆಯುವುದು ಬಹಳ ಕಷ್ಟ.

ಇನ್ನೆರಡು ವಿಷಯ ನೆನಪಿರಲಿ. ಲೈಟ್ ಡ್ಯೂಟಿ (ಹಗುರ ವರ್ಗದ) ಗಾಡಿಗಳ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಮತ್ತು ಎಂಜಿನ್ ಕಂಪ್ಯೂಟರಿಗೆ ಫೆಡರಲ್ ಎಮಿಷನ್ ವಾರಂಟಿ 8 ವರ್ಷ ಅಥವಾ 80,000 ಮೈಲಿ ಇದೆ. ಬುಲೆಟಿನ್ ಈ ಭಾಗಗಳದ್ದಾಗಿದ್ದರೆ ಇದನ್ನು ಎತ್ತಿ ಹೇಳಿ. ಹಾಗೇ, ಸದ್ದಿಲ್ಲದೆ ವಾರಂಟಿ ಉದ್ದ ಮಾಡುವ ಯೋಜನೆಗಳ ಬಗ್ಗೆ ಕ್ಯಾಲಿಫೋರ್ನಿಯಾ, ಕನೆಕ್ಟಿಕಟ್, ವರ್ಜೀನಿಯಾ, ವಿಸ್ಕಾನ್ಸಿನ್ ರಾಜ್ಯಗಳಲ್ಲಿ ಕಾನೂನು ಇದೆ. ಮಾಲೀಕರಿಗೆ ಕಂಪನಿ ತಿಳಿಸಲೇಬೇಕು.

ಅಂಥ ಯೋಜನೆ ಎಷ್ಟು ದೊಡ್ಡದಿರಬಹುದು ಎನ್ನುವುದಕ್ಕೆ ಟೊಯೋಟಾದ ಟಕೋಮಾ ಪಿಕಪ್ ಉದಾಹರಣೆ ಸಾಕು. ಚಾಸಿ ತುಕ್ಕು ಹಿಡಿಯುತ್ತಿದ್ದ 1995ರಿಂದ 2000ದ ಟಕೋಮಾಗಳಿಗೆ ಟೊಯೋಟಾ 2008ರಲ್ಲಿ ತುಕ್ಕಿನ ವಾರಂಟಿಯನ್ನು 15 ವರ್ಷಕ್ಕೆ ಏರಿಸಿತು. ತೀರಾ ಹಾಳಾದ ಗಾಡಿಗಳನ್ನು ವಾಪಸ್ ಕೊಂಡುಕೊಂಡಿತು.

ಎನ್‌ಎಚ್‌ಟಿಎಸ್‌ಎಗೆ ದೂರು ಕೊಟ್ಟರೆ ನನಗೆ ಏನು ಲಾಭ?

ನಿಮ್ಮ ಗಾಡಿಯನ್ನು ಅವರು ರಿಪೇರಿ ಮಾಡಿಸುವುದಿಲ್ಲ. ಆದರೂ ಕೊಡಿ, ವಿಶೇಷವಾಗಿ ಸುರಕ್ಷತೆಯ ವಿಷಯ ಆಗಿದ್ದರೆ. ಓಡುತ್ತಿರುವಾಗ ಎಂಜಿನ್ ನಿಲ್ಲುವುದು, ಬ್ರೇಕ್, ಸ್ಟೀರಿಂಗ್, ಬೆಂಕಿ. ಒಂದೇ ಬಗೆಯ ದೂರು ಸಾಲಾಗಿ ಬಂದರೆ ತನಿಖೆ ಶುರುವಾಗುತ್ತದೆ. ಜಿಎಂನ 6.2 ಲೀಟರ್ ವಿ8 ಎಂಜಿನ್ ವಿಷಯದಲ್ಲಿ 2025ರ ಜನವರಿಯಲ್ಲಿ ತನಿಖೆ ತೆರೆದರು. ಏಪ್ರಿಲ್‌ನಲ್ಲಿ ರೀಕಾಲ್ ಬಂತು. ಅಮೆರಿಕದಲ್ಲೇ ಸುಮಾರು 6 ಲಕ್ಷ ಪಿಕಪ್ ಮತ್ತು ಎಸ್‌ಯುವಿಗಳು ಅದರಲ್ಲಿ ಸೇರಿದವು. ಒಬ್ಬೊಬ್ಬ ಮಾಲೀಕರು ಕೂತು ಬರೆದ ದೂರುಗಳೂ ಆ ತನಿಖೆಗೆ ಆಧಾರವಾಗಿದ್ದವು.

ಲೆಮನ್ ಲಾ ನನಗೆ ಅನ್ವಯಿಸುತ್ತದೆಯೇ?

ಎಷ್ಟು ಸಲ ರಿಪೇರಿ ಮಾಡಿಸಿದರೂ ಸರಿಹೋಗದ ಗಾಡಿಯನ್ನು ಕಂಪನಿ ಬದಲಿಸಿಕೊಡಬೇಕು ಅಥವಾ ವಾಪಸ್ ಕೊಳ್ಳಬೇಕು ಎನ್ನುವ ಕಾನೂನು ಇದು. ರಾಜ್ಯದಿಂದ ರಾಜ್ಯಕ್ಕೆ ಬೇರೆ. ಸಾಮಾನ್ಯವಾಗಿ ಒಂದೇ ತೊಂದರೆಗೆ 3 ಅಥವಾ 4 ಸಲ ರಿಪೇರಿಗೆ ಕೊಟ್ಟರೂ ಸರಿಯಾಗದಿದ್ದರೆ, ಅಥವಾ ಒಟ್ಟು 30 ದಿನ ಗಾಡಿ ವರ್ಕ್‌ಶಾಪಿನಲ್ಲೇ ಇದ್ದರೆ ಕೇಳಬಹುದು. ಕ್ಯಾಲಿಫೋರ್ನಿಯಾದಲ್ಲಿ ಈ ಲೆಕ್ಕ ಮೊದಲ 18 ತಿಂಗಳು ಅಥವಾ 18,000 ಮೈಲಿಯೊಳಗಿನದ್ದು.

ಪಿಕಪ್ ಮಾಲೀಕರು ಒಂದು ವಿಷಯ ನೋಡಲೇಬೇಕು: ತೂಕ. ಹಲವು ರಾಜ್ಯಗಳ ಕಾನೂನು 10,000 ಪೌಂಡ್‌ಗಿಂತ ಭಾರದ ಗಾಡಿಗಳನ್ನು ಹೊರಗಿಡುತ್ತದೆ. ಎಫ್-150ನಂಥ 'ಅರ್ಧ ಟನ್' ವರ್ಗದ ಪಿಕಪ್‌ಗಳಿಗೆ ಚಿಂತೆ ಇಲ್ಲ. ಅದಕ್ಕಿಂತ ದೊಡ್ಡ 'ಒಂದು ಟನ್' ವರ್ಗದ ಪಿಕಪ್ ಆದರೆ ಬಾಗಿಲಿನ ಸ್ಟಿಕ್ಕರಿನಲ್ಲಿ ಜಿವಿಡಬ್ಲ್ಯುಆರ್ (ಜನ, ಸರಕು ಸೇರಿ ಗಾಡಿಗೆ ಅನುಮತಿಸಿದ ಗರಿಷ್ಠ ಒಟ್ಟು ತೂಕ) ಎಷ್ಟು ಎಂದು ನೋಡಿ. ವ್ಯಾಪಾರಕ್ಕೆ ಬಳಸುವ ಗಾಡಿಗೂ ಕೆಲವೆಡೆ ಬೇರೆ ನಿಯಮ. ವಕೀಲರನ್ನು ಕಾಣುವ ಮುಂಚೆ ನಿಮ್ಮ ವಾರಂಟಿ ಪುಸ್ತಕದಲ್ಲಿ ಮಧ್ಯಸ್ಥಿಕೆಯ ಬಗ್ಗೆ ಏನಿದೆ ಓದಿ. ಬಿಬಿಬಿ ಆಟೋ ಲೈನ್‌ನಂಥ, ಕೋರ್ಟಿಗೆ ಹೋಗದೆ ಜಗಳ ಬಗೆಹರಿಸುವ ಕಾರ್ಯಕ್ರಮದಲ್ಲಿ ಕಂಪನಿ ಸೇರಿದ್ದರೆ ನಿಮಗೆ ಅದು ಉಚಿತ.

ನನ್ನ ಹೊರಗಿನ ಮೆಕ್ಯಾನಿಕ್ ಬುಲೆಟಿನ್ ಪ್ರಕಾರ ಮಾಡಬಹುದೇ?

ಮಾಡಬಹುದು, ದುಡ್ಡು ನಿಮ್ಮದು. ಆಯಿಲ್ ಬದಲಾವಣೆ, ಪಾರ್ಟ್ ಹಾಕುವುದು ಸರಿ. ಸಾಫ್ಟ್‌ವೇರ್ ಇದ್ದರೆ ಅವರ ಹತ್ತಿರ ಉಪಕರಣ ಮತ್ತು ಕಂಪನಿಯ ಚಂದಾ ಇದೆಯೇ ಎಂದು ಮೊದಲೇ ಕೇಳಿ.

ಬುಲೆಟಿನ್ ಪ್ರಕಾರ ಮಾಡಿದರು. ತೊಂದರೆ ಮತ್ತೆ ಬಂತು.

ಕೂಡಲೇ ವಾಪಸ್ ಹೋಗಿ. ತಿಂಗಳುಗಟ್ಟಲೆ ಬಿಟ್ಟರೆ ಅದು ಹೊಸ ದೂರಿನಂತೆ ಕಾಣುತ್ತದೆ. ಹಳೆಯ ರಿಪೇರಿ ಆರ್ಡರ್ ತೋರಿಸಿ, 'ಅದೇ ತೊಂದರೆ, ಹಿಂದಿನ ಕೆಲಸದ ನಂತರವೂ ಇದೆ' ಎಂದೇ ಬರೆಸಿ. ಬುಲೆಟಿನ್‌ನ ಹೊಸ ಆವೃತ್ತಿ ಬಂದಿದೆಯೇ ನೋಡಿ. ಕೆಲವು ಬುಲೆಟಿನ್‌ಗಳಲ್ಲಿ ಹಂತಗಳಿರುತ್ತವೆ. ಮೊದಲು ಸಾಫ್ಟ್‌ವೇರ್ ಅಥವಾ ಆಯಿಲ್, ಅದರಿಂದ ಹೋಗದಿದ್ದರೆ ಪಾರ್ಟ್. ಮೊದಲ ಹಂತ ದಾಖಲಾಗಿದ್ದರೆ ಮಾತ್ರ ಎರಡನೆಯದಕ್ಕೆ ಕಂಪನಿ ದುಡ್ಡು ಕೊಡುತ್ತದೆ. ಆದ್ದರಿಂದ ಮೊದಲ ಸಲ ಮಾಡಿದ ಕೆಲಸದ ಬುಲೆಟಿನ್ ನಂಬರ್ ನಿಮ್ಮ ಕಾಗದದಲ್ಲಿ ಇದೆಯೇ ಎಂದು ಗಾಡಿ ಹೊರಗೆ ತೆಗೆಯುವ ಮುಂಚೆಯೇ ನೋಡಿಕೊಳ್ಳಿ.